ಅಡಿವೆಯ್ಯಜ್ಜನವರ ಹೆಪ್ಪಿನ ಗಡಿಗೆ

ದೂರದರ್ಶಕ ಹೆಗಲಿಗೇರಿಸಿಕೊಂಡು ಮಠಕ್ಕೆ ಬಂದ ಪ್ರೊಫೆಸರೊಬ್ಬರು ಮರಳುವಾಗ ಬೆನ್ನ ಮೇಲೆ ಏನು ಹೊತ್ತು ಹೋದರು, ಊಹಿಸಿ ನೋಡೋಣ! ಪ್ರಸಾದದ ಗಂಟೇ? ಅಲ್ಲವೇ ಅಲ್ಲ. ತಾಳಿ, ಹೇಳುತ್ತೇನೆ.

ಕಡಲಿಹಾಳದ ಮಠವೆಂದರೆ ಎರಡು ಅಂಕಣದ ಮಣ್ಣಿನ ಮಾಳಿಗೆ, ಅಷ್ಟೆ. ಪೂಜ್ಯ ಶ್ರೀ ಅಡಿವೆಯ್ಯಜ್ಜನವರು ಅಲ್ಲಿ ಪ್ರತಿ ಸಂಜೆ ದಾಸೋಹದ ಹಾಲಿಗೆ ತಾವೇ ಹೆಪ್ಪು ಹಾಕುತ್ತಿದ್ದರು. ಆ ಸೇವೆಯನ್ನು ಯಾರಿಗೂ ಬಿಟ್ಟುಕೊಟ್ಟವರಲ್ಲ.

ನಮ್ಮ ಪ್ರೊಫೆಸರ್ ಮುಗದೂರರಿಗೆ ಆಕಾಶದ ಹುಚ್ಚು. ನೋಡಿ ನೋಡಿ ಮನಸ್ಸು ಮುದುಡಿಹೋಯಿತು. ಇಷ್ಟು ಕೋಟಿ ನಕ್ಷತ್ರಗಳ ನಡುವೆ ಮನುಷ್ಯ ಯಾವ ಲೆಕ್ಕ? ಐದು ತಿಂಗಳ ಮಗಳಿಗೆ ಹೆಸರನ್ನೇ ಇಡಲೊಲ್ಲರು. "ಧೂಳಿಗೆ ಯಾರರ ಹೆಸರಿಡ್ತಾರೇನು?" ಎಂದುಬಿಟ್ಟರು. ಅತ್ತು ಸಾಕಾದ ಹೆಂಡತಿ ಗೌರವ್ವ, ಕೂಸನ್ನೆತ್ತಿಕೊಂಡು ಗಂಡನನ್ನು ಅಜ್ಜನವರ ಮುಂದೆ ತಂದು ನಿಲ್ಲಿಸಿದರು.

"ಅಜ್ಜಾರ, ಇವರಿಗೆ ಚುಕ್ಕಿ ಕಾಣತಾವ, ಮಗಳು ಕಾಣೂದಿಲ್ರಿ."

ಅಜ್ಜನವರು ನಕ್ಕರು. ಹೆಪ್ಪಿನ ಬಟ್ಟಲನ್ನು ಪ್ರೊಫೆಸರರ ಕೈಗಿತ್ತು, "ಇವತ್ತ ನೀವು ಹಾಕ್ರಿ" ಎಂದು ಪೂಜೆಗೆ ಎದ್ದರು. ಸುತ್ತಲಿದ್ದವರು ಬೆರಗಾದರು.

ಪ್ರೊಫೆಸರರೋ, ಇದೇನು ಮಹಾ ಎಂದು ಕುದಿಯುವ ಹಾಲಿಗೇ ಹೆಪ್ಪು ಸುರಿದರು! ಮರುದಿನ ದಾಸೋಹಕ್ಕೆ ಮೊಸರಿಲ್ಲ. ಹಾಲು ಹಾಲಾಗಿಯೇ ಕೂತಿತ್ತು. ಪಂಕ್ತಿಯಲ್ಲಿದ್ದ ಮುದುಕಿ ನಾಗವ್ವ, "ಕಾಲೇಜಿನ್ಯಾಗ ಇದನ್ನ ಕಲಿಸೂದಿಲ್ಲೇನಪಾ?" ಎಂದಾಗ ಎಲ್ಲರೂ ಗೊಳ್ಳೆಂದರು.

ಅಜ್ಜನವರು ಮಾತ್ರ ಗಡಿಗೆಯನ್ನು ಮೆಲ್ಲಗೆ ನೇವರಿಸಿದರು.

"ಕಣ್ಣಿಗೆ ಕಾಣದ ಎಷ್ಟು ಜೀವ ಆ ಬಟ್ಟಲದಾಗ ಇದ್ವು! ಚುಕ್ಕಿ ಮುಂದ ನೀವು ಸಣ್ಣವರು, ಖರೆ. ಅವಕ್ಕ ಮಾತ್ರ ನೀವ ಆಕಾಶ ಆಗಿದ್ರಿ. ನಡುವ ನಿಂತವರು ಹದ ನೋಡಬೇಕ್ರಿ."

ಸೂಕ್ಷ್ಮಜೀವಿಗಳ ಪಾಠ ಮುಗದೂರರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆದರೆ ತಾವೂ ಯಾರಿಗೋ ಆಕಾಶವಾಗಿರಬಹುದೆಂದು ಹೊಳೆದಿರಲಿಲ್ಲ, ನೋಡಿ! ಅಂದು ಸಂಜೆ ಮಣಿಕಟ್ಟಿನ ಮೇಲೆ ಒಂದೊಂದೇ ಹನಿ ಹಾಲು ಬಿಟ್ಟುಕೊಂಡು ಬಿಸಿ ನೋಡಿದರು, ಕಾದರು, ಮತ್ತೆ ನೋಡಿದರು. "ಕೂಸಿನ ಹಾಲೂ ಹಿಂಗ ನೋಡ್ತಾರ್ರೀ" ಎಂದರು ಗೌರವ್ವ, ಬಾಯಿಗೆ ಸೆರಗು ಹಿಡಿದು. ಹದವಾಗಿ ಬೆಚ್ಚಗಾದ ಮೇಲೆ ಬಟ್ಟಲ ತಳದಲ್ಲಿ ಉಳಿದಿದ್ದ ಹೆಪ್ಪಿಟ್ಟರು. ಚಳಿಗಾಲವಲ್ಲವೇ, ತಮ್ಮ ಶಾಲನ್ನೇ ತೆಗೆದು ಗಡಿಗೆಗೆ ಹೊದಿಸಿದರು.

ಬೆಳಿಗ್ಗೆ ಮುಚ್ಚಳ ತೆಗೆದರೆ, ಆಹಾ, ಕೆನೆಗಟ್ಟಿದ ಗಟ್ಟಿ ಮೊಸರು! ಪ್ರೊಫೆಸರರು ಸೀದಾ ಗೌರವ್ವನವರ ಬಳಿ ಓಡಿ ಕೂಸಿನ ಕಿವಿಗೆ ಬಾಗಿದರು. "ಅರುಂಧತಿ" ಎಂದರು. ಮತ್ತೆ ಮತ್ತೆ ಎಂದರು.

ಹೆಸರು ಕೂಗಿದ ಸೋದರತ್ತೆಯ ಬೆನ್ನಿಗೆ ಗುದ್ದುವುದು ನಮ್ಮ ಕಡೆಯ ಪದ್ಧತಿ. ಈ ಕೂಸಿಗೆ ಸೋದರತ್ತೆ ಇಲ್ಲ. "ಹೆಸರಿಟ್ಟವ್ರೇ ಅತ್ತಿ, ಹಾಕ್ರೇ ಗುದ್ದು!" ಎಂದು ನಾಗವ್ವ ಮುಂದಾದಳು. ಹೆಂಗಸರೆಲ್ಲ ಧಬಧಬನೆ ಗುದ್ದತೊಡಗಿದರೆ ಪ್ರೊಫೆಸರರು ಅಳುತ್ತ ನಗುತ್ತ ಬೆನ್ನು ಕೊಟ್ಟು ಕೂತರು. ಅಜ್ಜನವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಹೆಗಲಿಗೆ ದೂರದರ್ಶಕ, ಕೈಯಲ್ಲಿ ಮಠದ ಹೆಪ್ಪಿನ ಬಟ್ಟಲು, ಬೆನ್ನ ತುಂಬ ಗುದ್ದು. ಹಾಗೆ ಮನೆಗೆ ಹೋದರು ನಮ್ಮ ಮುಗದೂರರು. ಅಂದು ಕೀಲಕ ಸಂವತ್ಸರದ ಮಾರ್ಗಶಿರ ಶುದ್ಧ ಪಾಡ್ಯ. ಸಾವಿರದ ಒಂಬೈನೂರ ಅರವತ್ತೆಂಟನೆಯ ಇಸವಿ, ನವೆಂಬರ್ ಇಪ್ಪತ್ತೊಂದು, ಗುರುವಾರ.