ಕೂಗಲಿಲ್ಲವೇಕೆ ಎಂದು ಕೇಳಿದ ಆಮೆ

ಮುಟ್ಟಿದರೆ ಮುನಿ ಗಿಡ ದೂರು ಕೊಟ್ಟಿತು: ಒಂದು ಮಾತೂ ಕೇಳದೆ ಹೋತ ತನ್ನ ಮೈಮೇಲೆಲ್ಲ ಮೂತಿ ಉಜ್ಜಿತು ಎಂದು. ಮರಕುಟಿಗ ನ್ಯಾಯಾಧೀಶ. ತಪ್ಪು ಯಾರದೆಂದು ಹೇಳಲು ಕುಳಿತವರು ಆಮೆ, ಬಸವನಹುಳು ಮತ್ತು ಚಿಪ್ಪುಹಂದಿ.

“ನೀನು ಕೂಗಿದೆಯಾ?” ಎಂದು ಆಮೆ ಕೇಳಿತು.

“ಇಲ್ಲ ಸ್ವಾಮಿ. ಎಲೆ ಮುದುಡಿಕೊಂಡು ನಿಂತುಬಿಟ್ಟೆ.”

“ನಿನಗೆ ಮುಳ್ಳಿದೆಯಲ್ಲ, ಚುಚ್ಚಲಿಲ್ಲವೇಕೆ?” ಎಂದಿತು ಬಸವನಹುಳು.

“ಆ ಹೊತ್ತಿಗೆ ಏನೂ ತೋಚಲಿಲ್ಲ.”

ಚಿಪ್ಪುಹಂದಿ ತಲೆಯಾಡಿಸಿತು. “ಸುಮ್ಮನಿದ್ದೆ ಅಂದಮೇಲೆ ನಿನಗೂ ಒಪ್ಪಿಗೆಯಿತ್ತು. ಹೋತದ ತಪ್ಪೇನೂ ಇಲ್ಲ.”

ಹೋತಕ್ಕೆ ಹಿಗ್ಗೋ ಹಿಗ್ಗು. ಕುಣಿಯುತ್ತ ಬಂದು, ಉಪಕಾರ ತೀರಿಸುವಂತೆ, ಮೂವರ ಮೈಮೇಲೂ ಮೂತಿ ಉಜ್ಜಿತು. ಆಮೆ ತಟ್ಟನೆ ತಲೆ ಒಳಗೆಳೆದುಕೊಂಡಿತು. ಬಸವನಹುಳು ಚಿಪ್ಪು ಸೇರಿತು. ಚಿಪ್ಪುಹಂದಿ ಉಂಡೆಯಾಗಿ ಬಿದ್ದುಕೊಂಡಿತು. ಒಬ್ಬರೂ ಉಸಿರೆತ್ತಲಿಲ್ಲ. ಹೋತ ಇನ್ನೂ ಉಜ್ಜುತ್ತಲೇ ಇತ್ತು.

ಮರಕುಟಿಗ ಕೊಂಬೆಯಿಂದ ಬಗ್ಗಿ ನೋಡಿತು. “ಆಮೆಯವರೇ, ನೀವು ಕೂಗಿದ್ದು ನನಗೆ ಕೇಳಿಸಲಿಲ್ಲ. ಇದಕ್ಕೆ ನಿಮ್ಮ ಮೂವರದೂ ಒಪ್ಪಿಗೆ ಅಂತ ಇಟ್ಟುಕೊಳ್ಳಲೇ?”

ಆಮೆಯ ಚಿಪ್ಪಿನೊಳಗಿಂದ ಸಣ್ಣ ದನಿ ಬಂತು: “ತೀರ್ಪು ಬದಲಿಸಿದ್ದೇವೆ ಸ್ವಾಮಿ. ಮೊದಲು ಆ ಹೋತವನ್ನು ಕಟ್ಟಿಹಾಕಿಸಿ.”