ಮುರಿದ ಕದಿರಿನ ಕಂಟ

ಹೊಳೆಯ ದಂಡೆಯ ಆಶ್ರಮವೊಂದರಲ್ಲಿ ಗುರುಪಾದಯ್ಯನವರೆಂಬ ಗುರುಗಳಿದ್ದರು. ಅವರ ಕಣ್ಣು ಮಂಜಾಗಿ ಎಷ್ಟೋ ಕಾಲವಾಗಿತ್ತು. ಆದರೂ ಓದುವುದನ್ನು ಬಿಟ್ಟಿರಲಿಲ್ಲ. ಬೆರಳಿನಿಂದ ಓದುತ್ತಿದ್ದರು.

ಆಗೆಲ್ಲ ಬರೆಯುತ್ತಿದ್ದುದು ಓಲೆಗರಿಯ ಮೇಲೆ. ಕಂಟ ಎಂಬ ಚೂಪು ಕಬ್ಬಿಣದ ಕಡ್ಡಿಯಿಂದ ಗರಿಯನ್ನು ಕೊರೆದು ಅಕ್ಷರ ಮೂಡಿಸಬೇಕು. ಕೊರೆದದ್ದು ಬರೆದವನ ಕಣ್ಣಿಗೂ ಸರಿಯಾಗಿ ಕಾಣದು. ಆಮೇಲೆ ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ, ಗರಿಗೆ ತೀಡಿ ಒರೆಸಿದರೆ ಅಕ್ಷರ ಕಪ್ಪಗೆ ಎದ್ದು ಬರುತ್ತದೆ. ಗುರುಗಳಿಗೆ ಕಾಡಿಗೆಯ ಹಂಗಿರಲಿಲ್ಲ. ಗೀರಿನ ಮೇಲೆ ತೋರುಬೆರಳು ಆಡಿಸಿದರೆ ಸಾಕಿತ್ತು.

ಗುರುಗಳು ಹೇಳುತ್ತಿದ್ದರು, ಶಿಷ್ಯ ದೇಮಣ್ಣ ಬರೆಯುತ್ತಿದ್ದ. ತಾವು ಕಂಡುಂಡದ್ದನ್ನೆಲ್ಲ ಒಂದು ಗ್ರಂಥವಾಗಿ ಹೇಳಿ ಮುಗಿಸಬೇಕೆಂಬುದು ಗುರುಗಳ ಆಸೆ. ಅದನ್ನು ಬರೆದು, ಅವರ ಕೈಯಿಂದಲೇ ಕಾವಿ ಪಡೆಯಬೇಕೆಂಬುದು ದೇಮಣ್ಣನ ಆಸೆ.

ದೇಮಣ್ಣನ ಬಳಿ ಎರಡು ಕಂಟಗಳಿದ್ದವು.

ಒಂದನ್ನು ಪಾಳೆಯಗಾರರು ಅವನ ಬರವಣಿಗೆ ಮೆಚ್ಚಿ ಕೊಟ್ಟಿದ್ದರು. ಬೆಳ್ಳಿಯ ಹಿಡಿ, ಹಿಡಿಯ ತುದಿಯಲ್ಲಿ ಗರಿ ಬಿಚ್ಚಿದ ನವಿಲು. ನೋಡಿದವರು ನೋಡುತ್ತಲೇ ಇರಬೇಕು. ಅದು ರೇಷ್ಮೆಯ ಚೂರಿನಲ್ಲಿ ಸುತ್ತಿಕೊಂಡು ಪೆಟ್ಟಿಗೆಯಲ್ಲಿ ಮಲಗಿತ್ತು.

ಇನ್ನೊಂದು ಅವನ ತಾಯಿಯ ರಾಟೆಯಿಂದ ಮುರಿದು ಬಿದ್ದ ಕದಿರು. ನೂಲು ಸುತ್ತಿಕೊಳ್ಳುವ ಆ ಕಬ್ಬಿಣದ ಕಡ್ಡಿಯನ್ನು ಅವನೇ ಹೊಳೆಯ ಕಲ್ಲಿಗೆ ಉಜ್ಜಿ, ಮೊನೆ ಮಾಡಿ, ಹಿಡಿಯುವ ಕಡೆ ದಾರ ಸುತ್ತಿಕೊಂಡಿದ್ದ. ಸಂತೆಯಲ್ಲಿಟ್ಟರೆ ಯಾರೂ ತಿರುಗಿ ನೋಡುವಂಥದ್ದಲ್ಲ.

ದೇಮಣ್ಣನಿಗೋ ಅದೆಂದರೆ ಪ್ರಾಣ. ಬೆಳಿಗ್ಗೆ ಎದ್ದವನು ಮುಖ ತೊಳೆಯುವ ಮುಂಚೆ ಅದರ ಮೊನೆ ಮುಟ್ಟಿ ನೋಡುವನು. ಎಡಗೈ ಹೆಬ್ಬೆರಳಿಗೆ ಆನಿಸಿ ಮೊದಲ ಗೀರು ಎಳೆದನೆಂದರೆ ಹಸಿವೆ ಗಿಸಿವೆ ಎಲ್ಲ ಮರೆತುಹೋಗುತ್ತಿತ್ತು. ಕಂಟ ಇರುವುದೂ ಮರೆಯುತ್ತಿತ್ತು, ತಾನಿರುವುದೂ ಮರೆಯುತ್ತಿತ್ತು. ಗರಿ ಕರಕರ ಅನ್ನುವ ಸದ್ದೊಂದೇ ಉಳಿಯುತ್ತಿತ್ತು.

ಆ ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ಹುಣ್ಣಿಮೆಗೆ ಕಾವಿ ಉಡುವವರು ಅದರ ಹಿಂದಿನ ಅಮಾವಾಸ್ಯೆಯ ಬೆಳಿಗ್ಗೆ ತಮಗೆ ಅತಿ ಪ್ರಿಯವಾದದ್ದನ್ನು ಎಲ್ಲರೆದುರು ಹೊಳೆಗೆ ಬಿಡಬೇಕು. ಹಿಂದೆ ಒಬ್ಬರು ತಮ್ಮ ತಂಬೂರಿ ಬಿಟ್ಟಿದ್ದರು. ಇನ್ನೊಬ್ಬರು ಹುರಿ ಮಾಡಿದ ಮೀಸೆಯನ್ನೇ ಬೋಳಿಸಿ ಬಿಟ್ಟರೆಂದು ಅಡುಗೆಯ ಈರಭದ್ರ ಇವತ್ತಿಗೂ ಹೇಳಿ ನಗುತ್ತಿದ್ದ.

ದೇಮಣ್ಣನ ಸರದಿ ಬಂತು. ದಂಡೆಯಲ್ಲಿ ಆಶ್ರಮದವರೂ ಊರವರೂ ಸೇರಿದ್ದರು.

ದೇಮಣ್ಣ ರೇಷ್ಮೆ ಬಿಚ್ಚಿದ. ಬಿಸಿಲಿಗೆ ನವಿಲು ಥಳಥಳ ಹೊಳೆಯಿತು. ಜನ ಕತ್ತು ಚಾಚಿದರು. ಬೆಳ್ಳಿಯ ಕಂಟ ಗುಳುಕ್ಕೆಂದು ನೀರಿಗಿಳಿದು ಕಾಣದಾಯಿತು.

"ಅಬ್ಬಾ, ಎಂಥ ವೈರಾಗ್ಯ!" ಎಂದರು ಯಾರೋ.

ಮುರಿದ ಕದಿರು ದೇಮಣ್ಣನ ಸೊಂಟದ ಮಡಿಕೆಯಲ್ಲಿ ಸುಖವಾಗಿತ್ತು. ಸ್ವಲ್ಪ ಚುಚ್ಚುತ್ತಲೂ ಇತ್ತು.

ಗುರುಗಳು ಒಂದೇ ಮಾತು ಕೇಳಿದರು. "ಹಗುರ ಆಯ್ತೇನಪ್ಪಾ?"

"ಆಯ್ತು ಬುದ್ಧಿ," ಎಂದ ದೇಮಣ್ಣ.

ಸುದ್ದಿ ಊರೂರಿಗೆ ಹರಡಿತು. ಬೆಳ್ಳಿಯನ್ನು ನೀರಿಗೆ ಹಾಕಿ ಮುರುಕು ಕಬ್ಬಿಣದಲ್ಲಿ ಬರೆಯುವ ಶಿಷ್ಯನನ್ನು ನೋಡಲು ಜನ ಬರತೊಡಗಿದರು. ಕೆಲವರು ಆ ಕದಿರನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. 'ಬೆಳ್ಳಿ ಬಿಟ್ಟ ದೇಮಣ್ಣ' ಎಂದೇ ಹೆಸರಾಯಿತು.

ಹೊಗಳಿಕೆ ಯಾರಿಗೆ ಬೇಡ? ದೇಮಣ್ಣನೂ ಉಬ್ಬಿದ. ಒಳಕೋಣೆಯಲ್ಲಿ ಬರೆಯುತ್ತಿದ್ದವನು ಜಗಲಿಗೆ ಬಂದು ಕೂತ. ಯಾರಾದರೂ ಬರುವ ಸದ್ದಾದರೆ ಬೆನ್ನು ನೆಟ್ಟಗಾಗುತ್ತಿತ್ತು.

ಒಂದು ದಿನ ಗುರುಗಳು ಅವನು ಬರೆದ ಗರಿಯ ಮೇಲೆ ಬೆರಳಿಟ್ಟರು. ಬೆರಳು ನಾಲ್ಕು ಅಕ್ಷರ ದಾಟಿ ನಿಂತಿತು.

"ಇದನ್ನ ಯಾರಪ್ಪಾ ಬರೆದದ್ದು?"

"ನಾನೇ ಬುದ್ಧಿ."

"ಓದೋಕೆ ಆಗ್ತಾ ಇಲ್ಲವಲ್ಲ."

"ಎಲ್ಲಾದರೂ ತಪ್ಪಾಗಿದೆಯಾ?"

"ಒಂದೂ ತಪ್ಪಿಲ್ಲ. ಮೊದಲು ಗರಿಯಲ್ಲಿ ಅಕ್ಷರ ಇರ್ತಿತ್ತು. ಈಗ ಬರೀ ದೇಮಣ್ಣ ಇದ್ದಾನೆ. ಬೆರಳು ಇಟ್ಟ ಕಡೆಯೆಲ್ಲ ಅಡ್ಡ ಬರ್ತಾನೆ."

ದೇಮಣ್ಣ ಕದಿರನ್ನು ಮತ್ತೆ ಕಲ್ಲಿಗೆ ಉಜ್ಜಿದ. ಹದ ಮಾಡಲು ಬೇಯಿಸುವಾಗ ಗರಿ ಸರಿಯಾಗಿ ಬೆಂದಿಲ್ಲವೆಂದು ಗೊಣಗಿದ. ಬೇರೆ ಕಟ್ಟು ಬಿಚ್ಚಿ ಬರೆದ. ಮಾರನೆಯ ದಿನವೂ ಗುರುಗಳ ಬೆರಳು ನಡುವೆಯೇ ನಿಂತಿತು.

ಅವರು ಗರಿಯನ್ನು ಮೆಲ್ಲಗೆ ಪಕ್ಕಕ್ಕಿಟ್ಟರು. "ಸಾಕು ಮರಿ. ಇನ್ನು ನಾನು ಹೇಳೋದಿಲ್ಲ."

"ಗ್ರಂಥ, ಬುದ್ಧಿ?"

"ಓದೋಕಾಗದ್ದನ್ನ ಹೇಳಿ ಏನು ಮಾಡಲಿ?"

ಗುರುಗಳಿಗೆ ವಯಸ್ಸಾಗಿದೆ. ಅವರು ಹೇಳದೆ ಉಳಿದದ್ದು ಅವರ ಜೊತೆಗೇ ಹೋಗುತ್ತದೆ. ಬೇರೆ ಯಾರ ಕೈಬರಹವೂ ಅವರ ಬೆರಳಿಗೆ ಹಿಡಿಸಿರಲಿಲ್ಲ. ತನ್ನಿಂದಾಗಿ ಇಷ್ಟೆಲ್ಲ ಹಾಳಾಯಿತಲ್ಲ ಎಂದು ಅವನಿಗೆ ಅಳು ಬಂತು. ಅಲ್ಲಿಯೇ ಕಾಲಿಗೆ ಬಿದ್ದ.

"ಬುದ್ಧಿ, ನಾನು ಮೋಸ ಮಾಡಿದೆ. ಆ ಬೆಳ್ಳಿ ಕಂಟ ನನಗೆ ಯಾವತ್ತೂ ಪ್ರಿಯ ಆಗಿರಲಿಲ್ಲ. ಅದರಲ್ಲಿ ಬರೆಯೋಕೆ ಕೂತ್ರೆ ಬರೀ ನವಿಲೇ ಕಾಣ್ತಿತ್ತು. ನನಗೆ ಪ್ರಿಯವಾದದ್ದು ಈ ಕದಿರು. ಇದನ್ನ ಬಿಡೋಕೆ ಕೈ ಬರಲಿಲ್ಲ. ಸೊಂಟದಲ್ಲಿ ಬಚ್ಚಿಟ್ಟುಕೊಂಡೆ."

ಗುರುಗಳು ಬೈಯಲಿಲ್ಲ. "ನನಗ್ಯಾಕೆ ಹೇಳ್ತೀಯಾ? ಆವತ್ತು ದಂಡೆಯಲ್ಲಿ ನಾನೊಬ್ಬನೇ ಇದ್ದೆನಾ?"

ದೇಮಣ್ಣ ತಲೆಯೆತ್ತಿದ. "ಎಲ್ಲರಿಗೂ ಹೇಳಿದ್ರೆ ಕಾವಿ...?"

"ಊಟದ ಹೊತ್ತಾಯ್ತು," ಎಂದು ಗುರುಗಳು ಕೋಲಿಗೆ ಕೈ ಚಾಚಿದರು. "ಹಸಿವಾಗಿದೆ, ನಡಿ."

ಊಟದ ಪಂಕ್ತಿ ಕೂತಿತ್ತು. ದೂರದಿಂದ ಬಂದ ಯಾತ್ರಿಕರೂ ಇದ್ದರು. ಎಲೆಗೆ ಅನ್ನ ಬಿದ್ದಿತ್ತಷ್ಟೆ. ದೇಮಣ್ಣ ನಡುವೆ ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕೊನೆಯವರೆಗೂ ಹೇಳಿದ.

ಬೆಳಿಗ್ಗೆಯಷ್ಟೇ ಕದಿರನ್ನು ಕಣ್ಣಿಗೆ ಒತ್ತಿಕೊಂಡಿದ್ದ ಯಾತ್ರಿಕರೊಬ್ಬರು ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒರೆಸಿಕೊಂಡರು, ಏನೋ ಅಂಟಿಕೊಂಡಿದೆ ಎಂಬಂತೆ. ಹಿರಿಯ ಶಿಷ್ಯರೊಬ್ಬರು ಮುಖ ಗಂಟಿಕ್ಕಿ, "ಇಂಥವನಿಗೆ ಕಾವಿಯಾ?" ಎಂದು ಎದ್ದೇಹೋದರು.

ಈರಭದ್ರ ಮಾತ್ರ ಸಾರಿನ ಸೌಟು ಹಿಡಿದು ನಿಂತಲ್ಲೇ ಬಾಯಿ ಬಿಟ್ಟಿದ್ದ.

"ಅಯ್ಯೋ ದೇಮಣ್ಣಾ! ಈ ಮುರುಕು ಕಡ್ಡಿ ಉಳಿಸ್ಕೊಳ್ಳೋಕೆ ಅಂಥ ಬೆಳ್ಳೀನ ನೀರಿಗೆ ಹಾಕಿದೆಯಾ? ನನ್ನನ್ನ ಒಂದು ಮಾತು ಕೇಳಿದ್ರೆ ಈ ಸೌಟು ಕೊಡ್ತಿದ್ದೆನಲ್ಲೋ, ಬಿಡೋಕೆ!"

ಪಂಕ್ತಿಯ ಒಂದು ತುದಿಯಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಪಂಕ್ತಿ ನಕ್ಕಿತು. ದೇಮಣ್ಣನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ನೋಡನೋಡುತ್ತ ಅವನಿಗೂ ನಗು ಬಂತು. ಎಷ್ಟೋ ದಿನಗಳ ಮೇಲೆ ಅವನ ಬೆನ್ನು ಸಡಿಲವಾಗಿತ್ತು. ತನ್ನ ಎಲೆಯ ಮುಂದೆ ಕೂತು ಎರಡು ಸಲ ಸಾರು ಹಾಕಿಸಿಕೊಂಡ.

ಊಟವಾದ ಮೇಲೆ ಒಬ್ಬನೇ ಹೊಳೆಗೆ ಹೋದ. ಮೊಣಕಾಲುದ್ದ ನೀರಿನಲ್ಲಿ ನಿಂತು ಸೊಂಟದಿಂದ ಕದಿರು ತೆಗೆದ. ಅದರ ಮೊನೆ ಮುಟ್ಟಿದ. ಸವೆದ ದಾರವನ್ನು ಸವರಿದ. ಕಣ್ಣು ತುಂಬಿ ಹೊಳೆ ಕಾಣದಾಯಿತು. ಕೈಯೆತ್ತಿದ.

"ಏನು ಮಾಡ್ತಿದ್ದೀಯಾ?"

ಗುರುಗಳು ಕೋಲೂರಿಕೊಂಡು ದಂಡೆಗೆ ಬಂದಿದ್ದರು. ಅಲ್ಲಿಯ ಬಂಡೆಯ ಮೇಲೆ ಹೊಸದಾಗಿ ಬಣ್ಣ ಹಾಕಿದ ಕಾವಿ ಬಟ್ಟೆಯೊಂದು ಒಣಗುತ್ತಿತ್ತು. ಅದನ್ನು ತಡವಿ ನೋಡಿ, ಅದರ ಪಕ್ಕ ಕೂತರು.

"ಕದಿರು ಬಿಡ್ತಿದ್ದೀನಿ ಬುದ್ಧಿ."

"ಒಂದು ಕಾವಿಗೆ ಎಷ್ಟು ಸಲ ಬಿಡ್ತೀಯಪ್ಪಾ? ಈಗ ತಾನೇ ಪಂಕ್ತೀಲಿ ಬಿಟ್ಟೆಯಲ್ಲ."

"ಪಂಕ್ತೀಲಿ ನಾನೇನೂ ಬಿಡಲಿಲ್ಲವಲ್ಲ ಬುದ್ಧಿ."

"ಬೆಳ್ಳಿ ಬಿಟ್ಟ ದೇಮಣ್ಣ ಅಂತ ಒಬ್ಬ ಇದ್ದನಲ್ಲ. ಎಲ್ಲಿದ್ದಾನೆ ಈಗ?"

ದೇಮಣ್ಣ ಎತ್ತಿದ ಕೈಯನ್ನು ಇಳಿಸಿದ.

"ತಾ ಇಲ್ಲಿ."

ಗುರುಗಳು ಕದಿರನ್ನು ತೆಗೆದುಕೊಂಡು ತುದಿಯಿಂದ ತುದಿಗೆ ಬೆರಳಾಡಿಸಿದರು. "ಮೊನೆ ಚೆನ್ನಾಗಿದೆ. ದಾರ ಪೂರ್ತಿ ಸವೆದಿದೆ, ಅದಕ್ಕೇ ಬೆರಳು ಜಾರತ್ತೆ." ಬಂಡೆಯ ಮೇಲಿನ ಬಟ್ಟೆಯ ಅಂಚನ್ನು ಹುಡುಕಿ, ಉದ್ದಕ್ಕೆ ಒಂದು ಎಳೆ ಎಳೆದರು. ಹಳೆಯ ದಾರ ಬಿಚ್ಚಿ, ಕಾವಿಯ ಎಳೆಯನ್ನು ಕದಿರಿಗೆ ಬಿಗಿಯಾಗಿ ಸುತ್ತತೊಡಗಿದರು.

ದೇಮಣ್ಣ ಗಾಬರಿಯಾದ. "ಬುದ್ಧಿ, ಇದು ಯಾರದೋ ಹೊಸ ಬಟ್ಟೆ!"

"ಹುಣ್ಣಿಮೆಗೆ ನೀನು ಉಡೋದು. ಒಂದು ಎಳೆ ಕಡಿಮೆಯಾದ್ರೆ ಏನಂತೆ?"

ದೇಮಣ್ಣ ನೀರಿನಿಂದ ಬಂದು ಅವರ ಕಾಲ ಬಳಿ ಕೂತ. ಗುರುಗಳು ಕದಿರನ್ನು ಅವನ ಕೈಗಿತ್ತು, ಮಡಿಲಿನಿಂದ ಒಂದೆರಡು ಖಾಲಿ ಗರಿ ತೆಗೆದು ಒಂದನ್ನು ಕೊಟ್ಟರು. ನಿಂತುಹೋದ ವಾಕ್ಯವನ್ನು ನಿಂತಲ್ಲಿಂದಲೇ ಹೇಳಿದರು. ಗರಿ ಕರಕರ ಅಂದಿತು.

ಬರೆದದ್ದನ್ನು ಅವರು ಮೊಣಕಾಲ ಮೇಲಿಟ್ಟುಕೊಂಡರು. ಬೆರಳು ಸಾಲಿನ ಮೊದಲಿಂದ ಕೊನೆಯವರೆಗೆ ಎಲ್ಲೂ ನಿಲ್ಲದೆ ಹೋಯಿತು. ಅವರ ಮುಖ ಅರಳಿತು.

ದೇಮಣ್ಣನಿಗೆ ಹಾಯೆನಿಸಿತು. ಆದರೂ ಮತ್ತೊಮ್ಮೆ ಮುಚ್ಚಿಡುವುದು ಬೇಡವೆಂದು ಹೇಳಿಯೇಬಿಟ್ಟ. "ಬುದ್ಧಿ, ಈ ಕದಿರಿನ ಮೇಲಿನ ಮೋಹ ನನಗೆ ಇನ್ನೂ ಹೋಗಿಲ್ಲ."

ಗುರುಗಳು ಮುಂದಿನ ಗರಿಯನ್ನು ಅವನ ಕೈಗಿಟ್ಟರು.

"ಇರಲಿ ಬಿಡು ಮರಿ. ಪ್ರೀತಿಯಿಲ್ಲದ ಕೈ ಬರೆದದ್ದು ನನ್ನ ಬೆರಳಿಗೆ ಸಿಗೋದಿಲ್ಲ."