ಬೆನ್ನ ಹಿಂದಿನ ಬಯಲು

ಬೇಸಿಗೆಯಲ್ಲಿ ನೈಜರ್ ನದಿ ಇಳಿದಾಗ ದಡದಲ್ಲಿ ಒಂದು ಮರಳಿನ ಬಯಲು ಎದ್ದು ಬರುತ್ತದೆ. ಮಾಲಿ ದೇಶದ ಒಂದು ಊರಿನ ಹುಡುಗಿಯರು ಆ ಬಯಲಲ್ಲಿ ಫುಟ್ಬಾಲ್ ಕಲಿಯುತ್ತಿದ್ದರು. ಕಲಿಸುವವರು ಮಾಸಿರೆ ಕೆಯಿತಾ.

ಮಾಸಿರೆ ಹದಿನಾಲ್ಕು ವರ್ಷ ದೇಶದ ತಂಡದಲ್ಲಿ ಆಡಿದವರು. ಮೈದಾನದ ನಟ್ಟನಡುವೆ ನಿಂತು, ಹಿಂದಿನವರಿಂದ ಚೆಂಡು ಪಡೆದು ಮುಂದಿನವರಿಗೆ ದಾಟಿಸುವ ಮಿಡ್‌ಫೀಲ್ಡರ್. ದೇಶಕ್ಕಾಗಿ ಎಂಬತ್ತೊಂದು ಪಂದ್ಯ ಆಡಿದರು, ಐದು ವರ್ಷ ನಾಯಕಿಯಾಗಿದ್ದರು. ಹೊಟ್ಟೆಪಾಡಿಗೆ ಫ್ರಾನ್ಸಿನಲ್ಲೂ ಸ್ವೀಡನ್ನಿನಲ್ಲೂ ಕ್ಲಬ್ಬುಗಳಿಗೆ ಆಡಿದರು. ಎಂಬತ್ತೊಂದನೆಯ ಪಂದ್ಯದಲ್ಲಿ ಬಲ ಮಂಡಿ ಹೋಯಿತು. ಊರಿಗೆ ಮರಳಿದರು.

ಅವರದೇನೂ ಆಶ್ರಮವಲ್ಲ. ಒಂದು ಚಾಪೆ, ಒಂದು ಟೀ ಕೆಟಲ್, ಏಳು ಚೆಂಡು. ಹುಡುಗಿಯರು ಅವರನ್ನು ಕರಮೋಗೊ ಎನ್ನುತ್ತಿದ್ದರು. ಅವರ ಮಾತಿನಲ್ಲಿ ಗುರು ಎಂದು ಅರ್ಥ.

ಶಿಷ್ಯೆಯರಲ್ಲಿ ಕಾಡಿಯಾ ಕುಲಿಬಾಲಿ ಎಂಬವಳ ಆಟವೇ ಆಟ. ಹದಿನೇಳು ವರ್ಷ. ಚೆಂಡು ಅವಳ ಕಾಲಿಗೆ ಬಂದರೆ ಸಾಕಿದ ಬೆಕ್ಕಿನ ಹಾಗೆ ಸುತ್ತಿಕೊಳ್ಳುತ್ತಿತ್ತು. ಅದು ಅವಳಿಗೂ ಗೊತ್ತಿತ್ತು.

ಆ ಸೀಮೆಯಲ್ಲಿ ಒಂದು ಪದ್ಧತಿ. ಕೆಯಿತಾ ಮನೆತನಕ್ಕೂ ಕುಲಿಬಾಲಿ ಮನೆತನಕ್ಕೂ ತಲೆತಲಾಂತರದಿಂದ ಗೇಲಿಯ ನಂಟು. ಎದುರು ಸಿಕ್ಕರೆ ಹಂಗಿಸಲೇಬೇಕು, ಹಂಗಿಸಿಕೊಂಡವರು ನಗಲೇಬೇಕು. ಸಿಟ್ಟಾದರೆ ಮನೆತನಕ್ಕೇ ಅವಮಾನ. ಕುಲಿಬಾಲಿಗಳನ್ನು ಅಲಸಂದೆ ತಿನ್ನುವವರು ಎಂದು ಆಡಿಕೊಳ್ಳುವುದು ಅಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು.

ಹಾಗಾಗಿ ಮೊದಲ ದಿನದಿಂದಲೂ ಗುರು ಕಾಡಿಯಾಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ.

"ಏ ಅಲಸಂದೆ, ನಿನ್ನ ಕುತ್ತಿಗೆ ಯಾರಾದರೂ ಮರದಲ್ಲಿ ಕೆತ್ತಿ ಕೂರಿಸಿದ್ದಾರಾ? ಹಿಂದಕ್ಕೆ ತಿರುಗೋದೇ ಇಲ್ಲವಲ್ಲ."

"ಹಿಂದೆ ಏನಿದೆ ಅಂತ ಗೊತ್ತು ಕರಮೋಗೊ. ನನ್ನ ಬಟ್ಟಲಿಗೆ ಕೈ ಹಾಕೋಕೆ ಯಾರೋ ಕೆಯಿತಾ ನಿಂತಿರ್ತಾರೆ."

ಎಲ್ಲರೂ ನಗುತ್ತಿದ್ದರು. ಗುರುವೂ ನಗುತ್ತಿದ್ದರು. ಎರಡು ವರ್ಷ ಹೀಗೇ ನಡೆಯಿತು. ಕಣ್ಣಿಗೆ ಅಲಸಂದೆ ಮೆತ್ತಿಕೊಂಡಿದೆ ಎಂದರು, ನಕ್ಕಳು. ಬೆನ್ನಿಗೂ ಒಂದು ಬಯಲಿದೆ, ಅದನ್ನು ಯಾವತ್ತಾದರೂ ನೋಡಿದ್ದೀಯಾ ಎಂದರು, ಇನ್ನೂ ಜೋರಾಗಿ ನಕ್ಕಳು.

ಒಂದು ಶುಕ್ರವಾರ ರಾಜಧಾನಿಯಿಂದ ಜೀಪು ಬರುವುದಿತ್ತು. ಕಿರಿಯರ ರಾಷ್ಟ್ರೀಯ ತಂಡದ ಶಿಬಿರಕ್ಕೆ ಆ ದಡದಿಂದ ಒಬ್ಬಳು ಮಿಡ್‌ಫೀಲ್ಡರ್ ಬೇಕಾಗಿದ್ದಳು. ಒಬ್ಬಳೇ. ಹೆಸರನ್ನು ಮಾಸಿರೆ ಬರೆದು ಕೊಡಬೇಕು.

ಕಾಡಿಯಾಳ ಅಪ್ಪ ಆ ಶುಕ್ರವಾರದವರೆಗೆ ಮಾತ್ರ ತಾಳುವುದಾಗಿ ಹೇಳಿದ್ದ. ಹೆಸರು ಬಂದರೆ ಹೋಗು. ಬಾರದಿದ್ದರೆ ಬೆಳಗಾದರೆ ಸೋದರತ್ತೆಯ ಜೊತೆ ಬಟ್ಟೆಗೆ ಬಣ್ಣ ಹಾಕುವ ಕೆಲಸಕ್ಕೆ ನಿಲ್ಲು. ಕಾಡಿಯಾ ಅದಕ್ಕೆ ತಲೆಯಾಡಿಸಿ, ಚೀಲ ಕಟ್ಟಿಟ್ಟುಕೊಂಡೇ ಬಂದಿದ್ದಳು.

ಮಧ್ಯಾಹ್ನ ಗುರು ಅವಳಿಗೆ ಕೆಟಲ್ ತರಲು ಹೇಳಿದರು. ಚಾಪೆಯ ಮೇಲೆ ಟೀ ಲೋಟದ ಕೆಳಗೆ ಕಾಗದವಿತ್ತು. ಗಾಳಿಗೆ ಅದರ ಅಂಚು ಎದ್ದಿತು.

ಆವಾ ಸಾಂಗರೆ, ಎಂದು ಬರೆದಿತ್ತು.

ಆವಾ! ನಿಧಾನದ ಹುಡುಗಿ. ಇಬ್ಬರನ್ನು ದಾಟಿ ಹೋದದ್ದನ್ನು ಯಾರೂ ಕಂಡಿಲ್ಲ. ಆಟ ಮುಗಿದ ಮೇಲೆ ಅವಳು ಆಡಿದಳೋ ಇಲ್ಲವೋ ಎಂದು ಜನ ಕೇಳುವಂಥವಳು.

ಕಾಡಿಯಾ ಕೆಟಲ್ ತರಲಿಲ್ಲ, ಕಾಗದ ತಂದಳು.

"ಇದೇನು?"

"ಓದೋಕೆ ಬರುತ್ತಲ್ಲ ನಿನಗೆ."

ಕಾಡಿಯಾ ಕಾಗದವನ್ನು ಗುರುವಿನ ಕಾಲ ಬಳಿ ಎಸೆದಳು. ನದಿಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರ ಕೈ ನಿಂತಿತು. ಅವರಲ್ಲಿ ಹಿರಿಯಳೊಬ್ಬಳು ಎದ್ದು ನಿಂತು, ಕೆಯಿತಾ ಮೇಲೆ ಕುಲಿಬಾಲಿ ಸಿಟ್ಟಾಗುವುದನ್ನು ಈ ವಯಸ್ಸಿಗೆ ನೋಡಬೇಕಾಯಿತಲ್ಲ, ನಿಮ್ಮಪ್ಪನಿಗೆ ಹೇಳುತ್ತೇನೆ ಎಂದಳು. ಮಾಸಿರೆ ಕೈಯೆತ್ತಿ ಅವಳನ್ನು ಸುಮ್ಮನಿರಿಸಿದರು.

"ನನ್ನ ಆಟದಲ್ಲಿ ತಪ್ಪಿದ್ದರೆ ಒಂದು ದಿನವಾದರೂ ಹೇಳಬಹುದಿತ್ತು," ಎಂದಳು ಕಾಡಿಯಾ.

"ದಿನಾ ಹೇಳಿದೆ."

"ಯಾವಾಗ? ಬರೀ ತಮಾಷೆ ಮಾಡಿದಿರಿ."

"ಒಂದು ದಿನವೂ ತಮಾಷೆ ಮಾಡಲಿಲ್ಲ."

ಎರಡು ವರ್ಷ ತಾನು ನಕ್ಕ ಒಂದೊಂದು ನಗುವೂ ಕಾಡಿಯಾಳಿಗೆ ನೆನಪಾಯಿತು.

ಮಾಸಿರೆ ಬಗ್ಗಿ ಕಾಗದ ಎತ್ತಿಕೊಂಡು ಮರಳು ಕೊಡವಿದರು. ಮಂಡಿ ಮಡಚದ ಕಾರಣ ಬಗ್ಗುವುದಕ್ಕೆ ಹೊತ್ತು ಹಿಡಿಯಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ, ಹೋದರೆ ಅವರಿಗೆ ಆಗುತ್ತಿರಲಿಲ್ಲ.

"ಅರ್ಧ ತಪ್ಪು ನಂದು," ಎಂದರು. "ನಗಿಸಿ ಹೇಳೋದು ಸುಲಭ. ನೇರ ಹೇಳಿದರೆ ನೀನು ನೊಂದುಕೊಳ್ಳುತ್ತೀ ಅಂತ ಹಿಂಜರಿದೆ. ಈಗ ಕೇಳು. ಜೀಪು ಬರೋವರೆಗೆ ನಾನು ಕೆಯಿತಾ ಅಲ್ಲ, ನೀನು ಕುಲಿಬಾಲಿ ಅಲ್ಲ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನಂಟನ್ನು ಒಂದು ಗಳಿಗೆಗಾದರೂ ಬಿಚ್ಚಿಟ್ಟವರನ್ನು ಅವರು ಕಂಡಿರಲಿಲ್ಲ. ಕಾಡಿಯಾಳಿಗೆ ಭಯವಾಯಿತು. ಗೇಲಿ ಕಳಚಿದ ಆ ಮುಖ ಅವಳಿಗೆ ಗುರುತೇ ಇರಲಿಲ್ಲ.

ಮಾಸಿರೆ ನಿಂತಲ್ಲೇ ಹೇಳಿದರು. ತಾನು ಹುಡುಗಿಯಾಗಿದ್ದಾಗ ತನ್ನನ್ನೂ ಊರೆಲ್ಲ ಹೊಗಳುತ್ತಿತ್ತು. ಸ್ವೀಡನ್ನಿಗೆ ಹೋದ ಮೊದಲ ದಿನವೇ ಅಲ್ಲಿನ ಕೋಚ್, ನಗದೆ, ಬೈಯದೆ, ನೀನು ಕುರುಡಿ ಎಂದ. ಚೆಂಡು ಬಂದ ಮೇಲೆ ನೋಡುವವಳು ಕುರುಡಿಯೇ, ಬರುವ ಮೊದಲು ಬೆನ್ನ ಹಿಂದೆ ನೋಡಿ ಮುಗಿಸಿರಬೇಕು ಎಂದ. ಆ ಸಂಜೆ ಹೊರಗೆ ಹಿಮ ಬೀಳುತ್ತಿತ್ತು, ಅವರು ಒಳಗೆ ಕೂತು ಅತ್ತರು. ಅವನನ್ನು ಶಪಿಸಿದರು. ಮರುದಿನದಿಂದ ಕುತ್ತಿಗೆ ತಿರುಗಿಸಿದರು.

"ಎಂಬತ್ತು ಪಂದ್ಯದಲ್ಲೂ ಬೆನ್ನ ಹಿಂದೆ ನೋಡಿದೆ," ಎಂದರು. "ಎಂಬತ್ತೊಂದನೆಯದರಲ್ಲಿ ಒಂದೇ ಒಂದು ಸಲ ನೋಡಲಿಲ್ಲ."

ಯಾರೂ ಅವರ ಮಂಡಿಯ ಕಡೆ ಕಣ್ಣು ಹಾಯಿಸಲಿಲ್ಲ.

"ಮೂರು ಚೆಂಡು. ಆವಾ ಕೊಡ್ತಾಳೆ, ನಾನು ನಿನ್ನ ಹಿಂದೆ ಇರ್ತೀನಿ. ತಿರುಗಿ ನನ್ನನ್ನು ದಾಟು."

"ದಾಟಿದರೆ ಹೆಸರು ಬದಲಾಗುತ್ತಾ?"

ಗುರು ಕುಂಟುತ್ತಾ ಮರಳಿಗೆ ಇಳಿದರು.

ಚೆಂಡುಗಳ ಬಳಿ ಇದ್ದ ಆವಾ ಹತ್ತು ಮಾರು ದೂರದಲ್ಲಿ ಬಂದು ನಿಂತಳು. ಮೊದಲ ಚೆಂಡು ಗೆರೆ ಎಳೆದ ಹಾಗೆ ನೇರ ಬಂತು. ಕಾಡಿಯಾ ಅದನ್ನು ಕಾಲಲ್ಲಿ ಹಿಡಿದು ಮಿಂಚಿನಂತೆ ಎಡಕ್ಕೆ ತಿರುಗಿದಳು. ಚೆಂಡು ಆಗಲೇ ಇರಲಿಲ್ಲ. ಮಾಸಿರೆ ಅದರ ಮೇಲೆ ಕಾಲಿಟ್ಟು ನಿಂತಿದ್ದರು. ಓಡಿರಲಿಲ್ಲ. ಎರಡು ಹೆಜ್ಜೆ ನಡೆದಿದ್ದರು ಅಷ್ಟೆ.

ಎರಡನೆಯದಕ್ಕೆ ಕಾಡಿಯಾ ಎಡಕ್ಕೆ ಹೋಗುವಂತೆ ಮಾಡಿ ಬಲಕ್ಕೆ ತಿರುಗಿದಳು. ಊರವರು ಶಿಳ್ಳೆ ಹೊಡೆಯುತ್ತಿದ್ದ ವರಸೆ ಅದು. ಮಾಸಿರೆ ಬಲಕ್ಕೇ ನಿಂತಿದ್ದರು. ಚೆಂಡನ್ನು ಮೆಲ್ಲಗೆ ಆವಾಳಿಗೆ ದಾಟಿಸಿದರು.

ದೂರದಲ್ಲಿ ರಸ್ತೆಯ ಮೇಲೆ ಧೂಳು ಎದ್ದಿತು. ಜೀಪು.

"ಇನ್ನೊಂದಿದೆ," ಎಂದರು ಗುರು.

ಆವಾ ಚೆಂಡನ್ನು ಕಾಲ ಮುಂದೆ ಇಟ್ಟುಕೊಂಡಳು. ಒದೆಯುವ ಮೊದಲು ಅವಳ ಕಣ್ಣು ಕಾಡಿಯಾಳ ಎಡಭುಜದ ಆಚೆಗೆ ಒಮ್ಮೆ ಹೊರಳಿ ಬಂತು. ಗುರು ಎಡಗಡೆ ಇದ್ದಾರೆ, ಎಂದು ಹೇಳಿದ ಹಾಗೆ.

ಕಾಡಿಯಾ ಅದನ್ನು ಕಂಡಳು. ಇವಳೇಕೆ ಹೇಳಿಕೊಡುತ್ತಾಳೆ? ನಾನು ದಾಟಿದರೆ ಹೋಗುವುದು ಇವಳ ಜಾಗವೇ. ಸುಳ್ಳು ಸನ್ನೆಯಿದ್ದರೆ? ನಿಜವಿದ್ದರೆ? ಯೋಚಿಸುವಷ್ಟರಲ್ಲಿ ಚೆಂಡು ಹೊರಟೇ ಬಿಟ್ಟಿತ್ತು. ನಂಬುವುದಕ್ಕೂ ಆಗಲಿಲ್ಲ, ಬಿಡುವುದಕ್ಕೂ ಆಗಲಿಲ್ಲ.

ಅವಳು ಕುತ್ತಿಗೆ ತಿರುಗಿಸಿದಳು.

ಎಡಗಡೆ ಗುರು. ಬಲಗಡೆ ಬಟ್ಟಬಯಲು. ಅದರಾಚೆ ಗೋಲಿಗೆಂದು ಇಟ್ಟ ಎರಡು ಕಲ್ಲು, ನೀರಂಚಲ್ಲಿ ಮಗುಚಿ ಹಾಕಿದ ದೋಣಿ, ಉಸಿರು ಬಿಗಿಹಿಡಿದ ಹೆಂಗಸರು. ಇಷ್ಟೆಲ್ಲ ಇಷ್ಟು ದಿನ ಅಲ್ಲೇ ಇತ್ತು.

ಚೆಂಡು ಬಂತು. ಅವಳು ಅದನ್ನು ನಿಲ್ಲಿಸಲೇ ಇಲ್ಲ. ಬಲಕ್ಕೆ ಹರಿಯಬಿಟ್ಟು ಅದರ ಜೊತೆಗೇ ಹೋದಳು. ಎರಡು ಕಲ್ಲುಗಳ ನಡುವೆ ಚೆಂಡು ಉರುಳಿ ನೀರಿಗೆ ಬಿತ್ತು.

ಹೆಂಗಸರು ಕೈ ತಟ್ಟಿದರು. ಹಿರಿಯಳೂ ತಟ್ಟಿದಳು.

ಜೀಪು ಬಂದು ನಿಂತಿತು. ಇಳಿದವನು ಗುರುವಿಗೆ ಬಗ್ಗಿ ವಂದಿಸಿ, ಮನೆಮಂದಿ ಕ್ಷೇಮವೇ ಎಂದು ಅಲ್ಲಿನ ಕ್ರಮದಂತೆ ಒಬ್ಬೊಬ್ಬರನ್ನೇ ವಿಚಾರಿಸಿದ. ಕೊನೆಗೆ ಹೆಸರು ಕೇಳಿದ.

ಮಾಸಿರೆ ಕಾಗದ ಕೊಟ್ಟರು. ಅದರಲ್ಲಿ ಒಂದಕ್ಷರವನ್ನೂ ತಿದ್ದಿರಲಿಲ್ಲ.

ಆವಾ ಕಾಡಿಯಾಳ ಮುಂದೆ ಬಂದು ಅವಳ ಕೈ ಒತ್ತಿ ಜೀಪು ಹತ್ತಿದಳು. ಜೀಪಿನ ಧೂಳು ಇಳಿಯಿತು. ಹೆಂಗಸರು ಬಟ್ಟೆಗಂಟು ಹೊತ್ತು ಹೊರಟುಹೋದರು.

"ನೋಡಿದೆನಲ್ಲ, ಕರಮೋಗೊ," ಎಂದಳು ಕಾಡಿಯಾ. "ನನ್ನ ಕಣ್ಣಿಂದಲೇ ನೋಡಿದೆ."

"ಹೌದು, ನೀನು ನೋಡಿದೆ."

"ಮತ್ತೆ ಆವಾ ಹೆಸರು ಯಾಕೆ? ನಾಳೆ ನಾನು ಬಣ್ಣದ ಕೆಲಸಕ್ಕೆ ನಿಲ್ಲಬೇಕು."

"ಇವತ್ತು ಜೀಪು ಬರೋದಿತ್ತು, ನೋಡಿದೆ. ಆವಾ ದಿನಾ ನೋಡ್ತಾಳೆ. ನಾಳೆ ಯಾವ ಜೀಪೂ ಬರೋದಿಲ್ಲ. ನಾಳೆ ನೋಡ್ತೀಯಾ?"